'ಫನ್ನಿ ಬಾಯ್' ಓದೋರು ಐದನೇ ಕಥೆಗೆ ಹಾರ್‌ಬೇಡ್ರಿ

ಶ್ಯಾಮ್ ಸೆಲ್ವದುರೈ ಬರೆದ 'ಫನ್ನಿ ಬಾಯ್' 1994ರದ್ದು, ಕೊಲಂಬೊದ ತಮಿಳು ಮನೆ ಹುಡುಗ ಆರ್ಜಿಗೆ ತಾನು ಗೇ ಅಂತ ಮೆಲ್ಲಗೆ ಗೊತ್ತಾಗ್ತಾ ಹೋಗೋ ಕಾದಂಬರಿ. ಒಳಗೆ ಆರು ಕಥೆ ಐತಿ, ದಿನಕ್ಕೊಂದು ಓದ್ರಿ ಸಾಕು. ನಾನು ದಾವಣಗೆರೆಯಿಂದ ಬೆಂಗ್ಳೂರಿಗೆ ಹೋಗೋ ರೈಲಲ್ಲೇ ಮುಗಿಸಿಬಿಡ್ತೀನಿ ಅಂತ ಕೂತು, ಅರಸೀಕೆರೆ ಬರೋ ಹೊತ್ತಿಗೆ ಯಾರು ಯಾರ ಚಿಕ್ಕಮ್ಮ ಅನ್ನೋದೇ ತಿಳೀದೆ ಮತ್ತೆ ಮೊದಲಿಂದ ಶುರು ಮಾಡ್ದೆ.

ಮನೇಲಿ ಓದೋದಾದ್ರೆ ಪೇಪರ್ ಬೈಂಡ್ ಹಾಕ್ಕೊಳ್ರಿ, ಯಾರಾದ್ರೂ ಕೇಳಿದ್ರೆ ಕೆಪಿಎಸ್‌ಸಿ ಬುಕ್ಕು ಅನ್ರಿ. ಇಲ್ಲಾಂದ್ರೆ ವಾಕಿಂಗ್‌ನೋರು ಖಾಲಿಯಾದ್ಮೇಲೆ ದಾವಣಗೆರೆ ಕುಂದುವಾಡ ಕೆರೆ ಏರಿ ಮೇಲೆ ಕೂತು ಓದ್ರಿ.

ಮೊದಲನೇ ಕಥೇಲಿ ಹುಡುಗ್ರು ಮದುವೆ ಆಟ ಆಡ್ತಾರೆ, ಆರ್ಜಿನೇ ಮದುಮಗಳು, ಆಂಟಿ ಒಬ್ಳು ಸೀರೆ ಉಟ್ಟಿದ್ದಂಗೇ ಅವನನ್ನ ಎಳ್ಕೊಂಡು ಬಂದು ದೊಡ್ಡೋರ ಮುಂದೆ ನಿಲ್ಲಿಸ್ತಾಳೆ. ಆಮೇಲೆ ಅಮ್ಮ ಸೀರೆ ಉಡೋದನ್ನ ಪಕ್ಕದಲ್ಲೇ ಕೂತು ನೋಡ್ತಿದ್ದವನಿಗೆ ಆ ರೂಮಿನ ಬಾಗಿಲು ಮುಚ್ಚುತ್ತೆ. ಯಾಕಮ್ಮ ಅಂದ್ರೆ ಆಕಾಶ ಎತ್ತರ ಐತಿ, ಹಂದಿ ಹಾರಲ್ಲ, ಅದಕ್ಕೆ ಅಂತಾಳೆ. ಅಲ್ಲಿ ಪುಸ್ತಕ ಮಡಚಿಟ್ಟು ಒಂದು ಟೀ ಕುಡೀರಿ, ಅವಳ ಹತ್ರ ಉತ್ತರ ಇಲ್ಲ, ಆದ್ರೂ ಬಾಗಿಲು ಹಾಕ್ಬೇಕು, ನಂಗೆ ಇಡೀ ಪುಸ್ತಕದಲ್ಲಿ ಜಾಸ್ತಿ ಚುಚ್ಚಿದ್ದೇ ಅದು.

'ಫನ್ನಿ' ಅಂತ ಬಂದ ಕಡೆಯೆಲ್ಲಾ ಪೆನ್ಸಿಲ್ ಗೀಟು ಹಾಕ್ರಿ. ತಮಾಷೆ ಅನ್ನೋ ಅರ್ಥ ಒಂದು, ಅಪ್ಪ ಅಸಹ್ಯ ಪಟ್ಕೊಂಡು ಹೇಳೋದು ಇನ್ನೊಂದು, ಎರಡನೇದು ಏನು ಅಂತ ಹುಡುಗನಿಗೆ ಇನ್ನೂ ಗೊತ್ತಿಲ್ಲ, ದನಿ ಮಾತ್ರ ಗೊತ್ತು. ನಮ್ ಓಣೀಲಿ 'ಹೆಣ್ಣಿಗ' ಅಂತಿದ್ರಲ್ಲ, ಹಂಗೆ.

ಆರ್ಜಿ ಇಷ್ಟಪಡೋ ಸ್ಕೂಲ್ ಹುಡುಗ ಶೆಹಾನ್ ಬರೋದು ಐದನೇ ಕಥೇಲಿ, ಸುಮಾರು ಜನ ಸೀದಾ ಅಲ್ಲಿಗೇ ಹಾರ್ತಾರೆ. ತಪ್ಪು. ಎರಡನೇ ಕಥೇಲಿ ತಮಿಳು ರಾಧಾ ಆಂಟಿ ಸಿಂಹಳಿ ಹುಡುಗನ್ನ ಇಷ್ಟಪಟ್ಟು ಏನಾಗ್ತಾಳೆ ಅಂತ ಆರ್ಜಿ ಪಕ್ಕದಲ್ಲೇ ನಿಂತು ನೋಡಿರ್ತಾನೆ, ಶೆಹಾನೂ ಸಿಂಹಳಿನೇ. ಅದನ್ನ ಬಿಟ್ರೆ ಇದು ಬರೀ ಸ್ಕೂಲ್ ಲವ್ ಸ್ಟೋರಿ ಆಗುತ್ತೆ. ಕೊನೇದು ಡೈರಿ ಥರ ಐತಿ, ಸಿಂಹಳಿಯರು ತಮಿಳರ ಮೇಲೆ ಬಿದ್ದ 1983ರ ಗಲಭೆ, ಒಂದೇ ಉಸಿರಿಗೆ ಓದ್ರಿ.

ಇಂಗ್ಲಿಷ್ ಭಾರ ಅನ್ಸಿದ್ರೆ ಮೊದಲು ವಸುಧೇಂದ್ರ ಅವ್ರ 'ಮೋಹನಸ್ವಾಮಿ' ಓದ್ರಿ, ಅದೂ ಗೇ ಒಬ್ಬನ ಕಥೆಗಳೇ, 2013ರ ಕಥಾ ಸಂಕಲನ. ಅದಕ್ಕಂತೂ ಬೈಂಡ್ ಹಾಕ್ಲೇಬೇಕು, ಕನ್ನಡದ್ದಲ್ವಾ, ಅಮ್ಮನೂ ಓದ್ತಾಳೆ. ನಾನು ಹೋದ ತಿಂಗಳು ಬೈಂಡ್ ಬಿಚ್ಚಿ ಟಿವಿ ಪಕ್ಕ ಇಟ್ಟೀನಿ.