ಎರಡು ಸಲ ಬಿಚ್ಚಿದ ಹೆಡ್ಡು

ಜೀಪಿನ ಎಂಜಿನ್‌ನ ಹೆಡ್, ಅಂದರೆ ಸಿಲಿಂಡರ್‌ಗಳ ಮೇಲಿನ ಎರಕದ ಮುಚ್ಚಳ, ಎತ್ತಿ ಪಕ್ಕಕ್ಕಿಟ್ಟು ಟಾರ್ಚ್ ಹಾಕಿ ನೋಡಿದೆ. ಒಂದು, ಎರಡು, ನಾಲ್ಕನೇ ಪಿಸ್ಟನ್‌ಗಳ ತಲೆ ಮಸಿ ಹಿಡಿದು ಕರ್ರಗಿದ್ದವು. ಮೂರನೆಯದು ಮಾತ್ರ ಬೂದಿ ಹಾಕಿ ತಿಕ್ಕಿದ ಅಲ್ಯೂಮಿನಿಯಂ ಪಾತ್ರೆಯ ಹಾಗೆ ಫಳಫಳ. ಆ ಸಿಲಿಂಡರ್‌ಗೆ ನೀರು ಸೋರಿ, ಅದು ಆವಿಯಾಗಿ ಮಸಿಯನ್ನೆಲ್ಲ ತೊಳೆದುಬಿಟ್ಟಿತ್ತು. ನೋಡಲು ಚೆಂದ, ಆದರೆ ನನಗೆ ಅಳು ಬರೋದೊಂದೇ ಬಾಕಿ. ಯಾಕೆಂದರೆ ಇದೇ ಮೂರನೇ ಪಿಸ್ಟನ್ ಇದೇ ರೀತಿ ಹೊಳೆಯೋದನ್ನು ಮೂರು ತಿಂಗಳ ಹಿಂದೆಯೂ ನೋಡಿದ್ದೆ. ಆಗ ಹೊಸ ಗ್ಯಾಸ್ಕೆಟ್, ಅಂದರೆ ಹೆಡ್‌ಗೂ ಕೆಳಗಿನ ಎಂಜಿನ್ ಬ್ಲಾಕ್‌ಗೂ ನಡುವೆ ಸೋರದಂತೆ ಕೂರುವ ಹಾಳೆ, ಹಾಕಿದ್ದವನೂ ನಾನೇ.

ನಮ್ಮದು ಮೂಡಿಗೆರೆ ಕಡೆಯ ಸಣ್ಣ ಕಾಫಿ ತೋಟ. ಗಾಡಿ ಮಹೀಂದ್ರ ಕಮಾಂಡರ್ ಡಿಐ, ಫೋರ್ ವೀಲ್ ಡ್ರೈವ್. 2523 ಸಿಸಿ, ನಾಲ್ಕು ಸಿಲಿಂಡರ್. ಬೋರು 88.9 ಮಿಲಿಮೀಟರ್, ಸ್ಟ್ರೋಕು 101.6. ಇಂಚಿನಲ್ಲಿ ಹೇಳಿದರೆ ಮೂರೂವರೆ ಮತ್ತು ನಾಲ್ಕು. ಈ ಅಳತೆಯಲ್ಲೇ ಗೊತ್ತಾಗುತ್ತೆ, ಇದರ ವಂಶ ಹಳೇ ಟ್ರ್ಯಾಕ್ಟರ್ ಎಂಜಿನ್‌ದು. ಮನೆಯಲ್ಲಿ ಬಿಚ್ಚುವವರಿಗೆ ಇದು ಒಳ್ಳೆಯ ಸುದ್ದಿ. ಕ್ಯಾಮ್ ಶಾಫ್ಟ್ ಕೆಳಗೆ ಬ್ಲಾಕ್‌ನಲ್ಲಿದೆ, ಮೇಲಿನ ವಾಲ್ವ್‌ಗಳನ್ನು ಒತ್ತೋದು ಪುಷ್ ರಾಡ್. ಹಾಗಾಗಿ ಹೆಡ್ ತೆಗೆಯಲು ಟೈಮಿಂಗ್ ಕಡೆ ಕೈ ಹಾಕೋದೇ ಬೇಡ. ಇದೇ ಧೈರ್ಯದಲ್ಲಿ ನಾನು ಕೆಲಸಕ್ಕಿಳಿದದ್ದು.

ಗಾಡಿ ಹಾಳಾದದ್ದು ಚಾರ್ಮಾಡಿ ಘಾಟಿಯಲ್ಲಿ. ಉಜಿರೆ ಕಡೆಯಿಂದ ಅಡಿಕೆ ಸಸಿ ತುಂಬಿಕೊಂಡು ಬರುತ್ತಿದ್ದೆವು. ಪಕ್ಕದಲ್ಲಿ ಭಾವ, ಹಿಂದೆ ಸಸಿಗಳ ಮೇಲೆ ತೋಟದ ಹುಡುಗರು. ಅರ್ಧ ಘಾಟಿ ಹತ್ತುವಾಗ ಟೆಂಪರೇಚರ್ ಮುಳ್ಳು ಕೆಂಪಿಗೆ ಹೋಯಿತು. ನಾನು ಕಂಡೂ ಕಾಣದವನಂತೆ ಎರಡು ತಿರುವು ಹತ್ತಿಸಿದೆ. ಆಮೇಲೆ ಬಾನೆಟ್ಟಿನಿಂದ ಹೊಗೆ. ಮಳೆಗಾಲ, ರಸ್ತೆ ಪಕ್ಕದಲ್ಲೇ ಬಂಡೆಯಿಂದ ನೀರು ಧುಮುಕುತ್ತಿತ್ತು. ಒಂದು ಕ್ಯಾನ್ ಹಿಡಿದು ತಂದು, ಬೆಂಕಿಯಂತೆ ಕಾದ ಎಂಜಿನ್‌ಗೆ ಆ ಮಂಜಿನಂಥ ನೀರನ್ನು ಸುರಿದೆ. ಕಾದ ದೋಸೆ ಕಾವಲಿಗೆ ನೀರು ಚಿಮುಕಿಸಿದ ಹಾಗೆ ಚುಂಯ್ ಎಂದಿತು. ಹೆಡ್ ಡೊಂಕಾಗಲು ಇದಕ್ಕಿಂತ ಜಾಸ್ತಿ ಏನೂ ಬೇಕಿಲ್ಲ. ಅರ್ಧ ಗಂಟೆ ಸುಮ್ನೆ ಕೂತು, ಎಂಜಿನ್ ಆರಿದ ಮೇಲೆ ಹಾಕಿದ್ದರೆ ಈ ಲೇಖನವೇ ಇರುತ್ತಿರಲಿಲ್ಲ.

ಅಲ್ಲಿಂದ ಮುಂದೆ ದಿನಾ ಬೆಳಿಗ್ಗೆ ಒಂದು ಲೀಟರ್ ನೀರು ಕಮ್ಮಿ. ಕೆಳಗೆ ಒಂದು ಹನಿ ಸೋರಿದ ಗುರುತಿಲ್ಲ. ಸ್ಟಾರ್ಟ್ ಮಾಡಿದ ಕೂಡಲೇ ಮೂರು ಸಿಲಿಂಡರ್‌ನಲ್ಲಿ ಕುಂಟುತ್ತಾ ಬಿಳಿ ಹೊಗೆ ಉಗುಳಿ, ಒಂದು ನಿಮಿಷದ ಮೇಲೆ ಸರಿಹೋಗುತ್ತಿತ್ತು. ಗ್ಯಾಸ್ಕೆಟ್ ಹೋಗಿದೆಯಾ ಅಂತ ನೋಡಲು ಒಂದು ಸುಲಭದ ದಾರಿ ಇದೆ. ಎಂಜಿನ್ ಪೂರ್ತಿ ತಣ್ಣಗಿರುವಾಗ ರೇಡಿಯೇಟರ್ ಕ್ಯಾಪ್ ತೆಗೆದು, ನೀರು ಕುತ್ತಿಗೆ ತನಕ ತುಂಬಿ ಸ್ಟಾರ್ಟ್ ಮಾಡಿ. ನೀರಿನಲ್ಲಿ ಒಂದೇ ಸಮನೆ ಗುಳ್ಳೆ ಬರುತ್ತಿದ್ದರೆ, ಆಕ್ಸಲರೇಟರ್ ಒತ್ತಿದಾಗ ಜಾಸ್ತಿಯಾದರೆ, ಸಿಲಿಂಡರ್ ಒಳಗಿನ ಗಾಳಿ ನೀರಿನ ದಾರಿಗೆ ನುಗ್ಗುತ್ತಿದೆ ಎಂದೇ ಲೆಕ್ಕ. ನನ್ನದರಲ್ಲಿ ಅಕ್ಕಿ ಬೇಯುವ ಪಾತ್ರೆಯಂತೆ ಗುಳ್ಳೆ. ಡಿಪ್‌ಸ್ಟಿಕ್ ತೆಗೆದು ನೋಡಿದೆ. ಆಯಿಲ್ ಹಾಲು ಕಾಫಿ ಬಣ್ಣಕ್ಕೆ ತಿರುಗಿರಲಿಲ್ಲ. ಅಷ್ಟರ ಮಟ್ಟಿಗೆ ಪುಣ್ಯ. ನೀರು ಆಯಿಲ್‌ಗೆ ಸೇರಿದ್ದರೆ ಬೇರಿಂಗ್ ತನಕ ಯೋಚನೆ ಮಾಡಬೇಕಿತ್ತು.

ಮೊದಲ ಸಲದ ಕಥೆ ಬೇಗ ಮುಗಿಸುತ್ತೇನೆ, ಕೆಲಸವೂ ಹಾಗೇ ಬೇಗ ಮುಗಿದಿತ್ತು. ಭಾನುವಾರ ಬೆಳಿಗ್ಗೆ ಬಿಚ್ಚಿದೆ, ಸೋಮವಾರ ಸಂಜೆ ಗಾಡಿ ಓಡಿತು. ಹೆಡ್ಡನ್ನು ಕಣ್ಣಲ್ಲೇ ನೋಡಿ 'ಸರಿ ಇದೆ' ಅಂದೆ. ಎಮೆರಿ ಪೇಪರ್ ಹಿಡಿದು ಬ್ಲಾಕ್ ಉಜ್ಜಿದೆ. ಹೊಸ ಗ್ಯಾಸ್ಕೆಟ್‌ಗೆ ಎರಡೂ ಕಡೆ ಶೆಲ್ಲಾಕ್ ಅಂಟು ಬಳಿದೆ. ಬೋಲ್ಟುಗಳನ್ನು ಹಾಗೇ ಹಾಕಿ, ಸ್ಪ್ಯಾನರ್‌ಗೆ ಪೈಪ್ ಸಿಕ್ಕಿಸಿ 'ಇನ್ನು ತಿರುಗಲ್ಲ' ಅನ್ನುವ ತನಕ ಎಳೆದೆ. ಬಾಕಿ ಎಲ್ಲ ಇದ್ದ ಹಾಗೇ ಜೋಡಿಸಿದೆ. ಮೂರು ತಿಂಗಳು ಬಂತು.

ಎರಡನೇ ಸಲ ಹೆಡ್ಡನ್ನು ಗೋಣಿಚೀಲದಲ್ಲಿ ಸುತ್ತಿ ಚಿಕ್ಕಮಗಳೂರಿನ ಲೇತ್‌ಗೆ ಒಯ್ದೆ. ಅಲ್ಲಿಯ ಸಾಯ್ಬ್ರು ಅದನ್ನು ನೋಡುವ ಮೊದಲು ನನ್ನ ಮುಖ ನೋಡಿದರು.

"ಹೋದ ಸಲ ಎಲ್ಲಿ ಫೇಸಿಂಗ್ ಮಾಡಿಸಿದ್ರಿ ಗೌಡ್ರೆ?"

"ಮಾಡಿಸಿಲ್ಲ ಸಾಯ್ಬ್ರೆ. ನೋಡಿದೆ, ನೆಟ್ಟಗೇ ಕಾಣ್ತು."

"ಕಣ್ಣಲ್ಲಿ ಹುಡುಗಿ ನೋಡ್ಬೋದು. ಹೆಡ್ ನೋಡಕ್ಕಾಗಲ್ಲ."

ಉಕ್ಕಿನ ಪಟ್ಟಿಯೊಂದನ್ನು ಹೆಡ್ ಮೇಲೆ ಅಂಚಿನಲ್ಲಿ ನಿಲ್ಲಿಸಿ, ಅದರಡಿ ಫೀಲರ್ ಗೇಜ್, ಅಂದರೆ ಸಂದು ಅಳೆಯುವ ತೆಳು ಉಕ್ಕಿನ ಎಲೆಗಳು, ತೂರಿಸುತ್ತಾ ಹೋದರು. ಉದ್ದಕ್ಕೆ, ಅಡ್ಡಕ್ಕೆ, ಮೂಲೆಯಿಂದ ಮೂಲೆಗೆ. ಎರಡು ತುದಿಯಲ್ಲಿ 0.05ರ ಎಲೆ ಕೂಡ ತೂರಲಿಲ್ಲ. ಮೂರನೇ ಸಿಲಿಂಡರ್ ಹತ್ತಿರ ಬಂದಾಗ 0.20ರ ಎಲೆ ಬೆಣ್ಣೆಗೆ ಚಾಕು ಹೋದಂತೆ ಒಳಗೆ ಹೋಯಿತು. 0.20 ಮಿಲಿಮೀಟರ್ ಎಂದರೆ ಎರಡು ಪೋಸ್ಟ್ ಕಾರ್ಡಿನ ದಪ್ಪವೂ ಇಲ್ಲ. ಅದನ್ನೇ ನಾನು ನೆಟ್ಟಗಿದೆ ಅಂದಿದ್ದು. ಡೀಸೆಲ್ ಎಂಜಿನ್‌ನಲ್ಲಿ ಗಾಳಿಯನ್ನು ಹದಿನಾರು ಹದಿನೆಂಟು ಪಟ್ಟು ಅದುಮುತ್ತಾರೆ, ಅದರ ಮೇಲೆ ಡೀಸೆಲ್ ಸಿಡಿಯುತ್ತೆ. ಆ ಒತ್ತಡಕ್ಕೆ ಅಷ್ಟು ಸಂದು ಸಿಕ್ಕರೆ ಯಾವ ಗ್ಯಾಸ್ಕೆಟ್ ತಡೆಯುತ್ತೆ?

ಫೇಸಿಂಗ್‌ಗೆ, ಅಂದರೆ ಹೆಡ್ಡಿನ ತಳ ಸವೆಸಿ ಸಮ ಮಾಡಲು, ಕೊಡುವಾಗ ಒಂದು ಮಾತು ಹೇಳಿ ಕೊಡಬೇಕು: ಬೇಕಾದಷ್ಟೇ ತೆಗೀರಿ. ಈ ಜಾತಿಯ ಎಂಜಿನ್‌ನಲ್ಲಿ ಪಿಸ್ಟನ್ ಮೇಲೆ ಬಂದಾಗ ಅದಕ್ಕೂ ವಾಲ್ವ್‌ಗೂ ನಡುವೆ ಇರೋ ಜಾಗ ತೀರಾ ಕಮ್ಮಿ. ಹೆಡ್ ಸವೆಸಿದಷ್ಟೂ ಆ ಜಾಗ ಕರಗುತ್ತೆ. ಸಾಯ್ಬ್ರು ಕೊನೆಗೆ ವಾಲ್ವ್ ತಲೆ ಎಷ್ಟು ಒಳಗೆ ಕೂತಿದೆ ಅಂತಲೂ ಅಳೆದು ಕೊಟ್ಟರು. ನೀರು ತುಂಬಿ ಒತ್ತಡ ಕೊಟ್ಟು ಬಿರುಕು ಇಲ್ಲ ಅಂತಲೂ ನೋಡಿದರು. ಎರಕದ ಕಬ್ಬಿಣಕ್ಕೆ ತಣ್ಣೀರು ಸುರಿದವನಿಗೆ ಆ ಪರೀಕ್ಷೆ ಮುಗಿಯುವ ತನಕ ಉಸಿರು ಗಂಟಲಲ್ಲೇ ಇತ್ತು.

ಲೇತ್‌ನಲ್ಲಿ ಹೆಡ್ ಇದ್ದ ಎರಡು ದಿನ ಮನೆಯಲ್ಲಿ ಬರೀ ಕ್ಲೀನಿಂಗ್. ಈ ಇಡೀ ಕೆಲಸದಲ್ಲಿ ಜಾಸ್ತಿ ಹೊತ್ತು ಹಿಡಿಯಬೇಕಾದ್ದು ಇದೇ, ನಾನು ಮೊದಲ ಸಲ ಹಾರಿಸಿದ್ದೂ ಇದನ್ನೇ. ನಾಲ್ಕೂ ಬೋರಿಗೆ ಹಳೇ ಬಟ್ಟೆ ತುರುಕಿದೆ. ಹಳೇ ಗ್ಯಾಸ್ಕೆಟ್, ಒಣಗಿದ ಶೆಲ್ಲಾಕ್, ಎಲ್ಲವನ್ನೂ ಬ್ಲೇಡ್ ಮಲಗಿಸಿ ಹಿಡಿದು ನಿಧಾನಕ್ಕೆ ಕೆರೆದೆ. ಎಮೆರಿ ಪೇಪರ್ ಈ ಸಲ ಹತ್ತಿರಕ್ಕೇ ತರಲಿಲ್ಲ. ಅದರ ಮರಳು ಪುಡಿ ಆಯಿಲ್ ದಾರಿಗೆ ಬಿದ್ದರೆ ನೇರ ಬೇರಿಂಗ್‌ಗೆ ಹೋಗಿ ಕೂರುತ್ತೆ. ಗ್ರೈಂಡರ್ ಹಿಡಿಯುವವರನ್ನೂ ನೋಡಿದ್ದೇನೆ. ಅವರಿಗೆ ದೇವರೇ ಗತಿ.

ಆಮೇಲೆ ಬೋಲ್ಟ್ ತೂತುಗಳು. ಟಾರ್ಚ್ ಬಿಟ್ಟು ನೋಡಿದರೆ ತಳದಲ್ಲಿ ನೀರು, ಆಯಿಲ್, ತುಕ್ಕು ಎಲ್ಲ ಸೇರಿ ಕೆಸರು. ಹೋದ ಸಲ ಅದರ ಮೇಲೇ ಬೋಲ್ಟ್ ಬಿಗಿದಿದ್ದೆ! ತಳ ಮುಚ್ಚಿದ ತೂತಿನಲ್ಲಿ ನೀರು ನಿಂತಿದ್ದರೆ ಬೋಲ್ಟ್ ಆ ನೀರನ್ನೇ ಅದುಮುತ್ತೆ. ಕೈಗೆ ಬಿಗಿಯಾದ ಹಾಗೆ ಅನ್ನಿಸುತ್ತೆ, ಹೆಡ್ ಮಾತ್ರ ಕೂತಿರಲ್ಲ. ಕೆಲವೊಮ್ಮೆ ಬ್ಲಾಕೇ ಸೀಳುತ್ತೆ. ತೂತುಗಳಿಗೆ ಟ್ಯಾಪ್ ಇಳಿಸಿ ಹಲ್ಲು ಚೊಕ್ಕ ಮಾಡಿ, ಸೈಕಲ್ ಪಂಪಿಗೆ ಸಣ್ಣ ಪೈಪ್ ಸಿಕ್ಕಿಸಿ ಊದಿದೆ. ಕಣ್ಣು ಮುಚ್ಚಿಕೊಂಡು ಊದಿ, ಕೆಸರು ಮುಖಕ್ಕೇ ಬರುತ್ತೆ.

ಬೋಲ್ಟುಗಳನ್ನು ಡೀಸೆಲ್‌ನಲ್ಲಿ ನೆನೆಸಿ ತಂತಿ ಬ್ರಷ್‌ನಲ್ಲಿ ತಿಕ್ಕಿದೆ. ಎಳೆದು ಉದ್ದವಾಗಿದ್ದಂತೆ ಕಂಡ ಎರಡನ್ನು ಬದಲಾಯಿಸಿದೆ. ಇದಕ್ಕೊಂದು ಲೆಕ್ಕ ಇದೆ. ಬೋಲ್ಟ್ ಬಿಗಿಯುವಾಗ ನಾವು ಹಾಕುವ ಬಲದಲ್ಲಿ ನೂರಕ್ಕೆ ಸುಮಾರು 90 ಭಾಗ ಉಜ್ಜಾಟದಲ್ಲೇ ಹೋಗುತ್ತೆ. ಅರ್ಧದಷ್ಟು ಬೋಲ್ಟಿನ ತಲೆಯಡಿ, ಉಳಿದದ್ದು ಹಲ್ಲುಗಳಲ್ಲಿ. ಹೆಡ್ಡನ್ನು ನಿಜಕ್ಕೂ ಅದುಮೋದು ಬಾಕಿ ಹತ್ತು ಭಾಗ ಅಷ್ಟೇ. ಹಲ್ಲಿನಲ್ಲಿ ತುಕ್ಕು ಇದ್ದರೆ ಆ ಹತ್ತರಲ್ಲೂ ಕತ್ತರಿ. ಪೈಪ್ ಹಾಕಿ ಜೋತುಬಿದ್ದೆ ಅಂದ ಮಾತ್ರಕ್ಕೆ ಬಿಗಿ ಅಲ್ಲ. ಬೆರಳಲ್ಲೇ ತಳದ ತನಕ ಇಳಿಯುವ ಬೋಲ್ಟು, ಹಲ್ಲಿಗೂ ತಲೆಯಡಿಗೂ ಒಂದು ಹನಿ ಎಂಜಿನ್ ಆಯಿಲ್, ಆಮೇಲೆ ಎಷ್ಟು ಬಿಗಿಯಾಯಿತು ಅಂತ ಅಳೆದು ಹೇಳುವ ಟಾರ್ಕ್ ರೆಂಚ್.

ಟಾರ್ಕ್ ರೆಂಚನ್ನು ಪಕ್ಕದ ಎಸ್ಟೇಟಿನಿಂದ ಎರಡು ದಿನಕ್ಕೆ ಕೇಳಿ ತಂದಿದ್ದೆ. ಇಲ್ಲಿ ಇನ್ನೊಂದು ಹಳ್ಳಕ್ಕೆ ಬೀಳೋದಿದ್ದೆ. ಸರ್ವಿಸ್ ಪುಸ್ತಕದಲ್ಲಿ ಅಂಕಿ ಇದ್ದದ್ದು ಕೆಜಿ-ಮೀಟರ್‌ನಲ್ಲಿ. ರೆಂಚ್ ಮೇಲೆ ಎರಡು ಸಾಲು, ಒಂದು ನ್ಯೂಟನ್ ಮೀಟರ್, ಇನ್ನೊಂದು ಫುಟ್ ಪೌಂಡ್. 10 ಕೆಜಿ-ಮೀಟರ್ ಅಂದರೆ 98 ನ್ಯೂಟನ್ ಮೀಟರ್, ಫುಟ್ ಪೌಂಡ್‌ನಲ್ಲಿ ಸುಮಾರು 72. ನಾನು ನ್ಯೂಟನ್ ಮೀಟರ್ ಲೆಕ್ಕ ಹಾಕಿಕೊಂಡು ಫುಟ್ ಪೌಂಡ್ ಸಾಲಿನಲ್ಲಿ ಹೊಂದಿಸಿಬಿಟ್ಟಿದ್ದೆ. ಹಾಗೇ ಎಳೆದಿದ್ದರೆ ಬೇಕಾದ್ದಕ್ಕಿಂತ ಮೂರನೇ ಒಂದು ಭಾಗಕ್ಕೂ ಮೀರಿ ಜಾಸ್ತಿ ಬಲ ಬಿದ್ದು ಬೋಲ್ಟ್ ಮುರಿಯಬಹುದಿತ್ತು. ಭಾವ ಕನ್ನಡಕ ಹಾಕಿಕೊಂಡು ಓದಿ, "ಏಯ್, ಇದು ಆ ಸಾಲು ಅಲ್ಲ ಮಾರಾಯ" ಅಂದದ್ದಕ್ಕೆ ಬಚಾವು.

ಹೊಸ ಗ್ಯಾಸ್ಕೆಟ್ಟನ್ನು ಒಣಗಿದಂತೆಯೇ ಕೂರಿಸಿದೆ. ಶೆಲ್ಲಾಕ್ ಇಲ್ಲ, ಗ್ರೀಸ್ ಇಲ್ಲ. ರಾಕರ್‌ಗೆ ಆಯಿಲ್ ಹೋಗುವ ಸಣ್ಣ ತೂತು ಬ್ಲಾಕ್‌ನದಕ್ಕೂ ಗ್ಯಾಸ್ಕೆಟ್‌ನದಕ್ಕೂ ಸರಿಯಾಗಿ ಕೂತಿದೆಯಾ ಅಂತ ತಂತಿ ಇಳಿಸಿ ನೋಡಿದೆ. ಕಾಫಿ ಗೋಡೌನಿನ ತೊಲೆಗೆ ಕಟ್ಟಿದ ಚೈನ್ ಪುಲ್ಲಿಯಿಂದ ಹೆಡ್ಡನ್ನು ಇಂಚಿಂಚಾಗಿ ಇಳಿಸಿದೆವು. ಎರಕದ ಹೆಡ್ಡು ಒಬ್ಬನ ಕೈಯಲ್ಲಿ ಆಗೋ ಮಾತಲ್ಲ, ಗ್ಯಾಸ್ಕೆಟ್ ಮೇಲೆ ಒಂದು ಸಲ ಎತ್ತಿಹಾಕಿದರೆ ಅದೂ ಹೋಯ್ತು. ಬಿಗಿಯೋದು ನಡುವಿನಿಂದ ಶುರುಮಾಡಿ ಸುತ್ತುತ್ತಾ ಹೊರಗೆ, ಮೂರು ಸುತ್ತಿನಲ್ಲಿ. ಮೊದಲ ಸುತ್ತಿಗೆ ಮೂರನೇ ಒಂದು, ಆಮೇಲೆ ಮೂರನೇ ಎರಡು, ಕೊನೆಗೆ ಪೂರ್ತಿ. ಬಿಚ್ಚುವಾಗ ಇದರ ಉಲ್ಟಾ, ಹೊರಗಿನಿಂದ ಒಳಗೆ, ಅದೂ ಎಂಜಿನ್ ತಣ್ಣಗಿರುವಾಗ.

ಪುಷ್ ರಾಡ್‌ಗಳನ್ನು ಬಿಸ್ಕತ್ತಿನ ರಟ್ಟಿನ ಡಬ್ಬಕ್ಕೆ ಎಂಟು ತೂತು ಹೊಡೆದು ಸಾಲಾಗಿ ನಿಲ್ಲಿಸಿದ್ದೆ. ಎಲ್ಲಿಂದ ಬಂತೋ ಅಲ್ಲಿಗೇ ಹೋಗಬೇಕು. ಟ್ಯಾಪೆಟ್, ಅಂದರೆ ವಾಲ್ವ್‌ಗೂ ಅದನ್ನು ಒತ್ತುವ ರಾಕರ್‌ಗೂ ನಡುವಿನ ಸಂದು, ಹೊಂದಿಸಲು ಹಳೇ ಮೇಸ್ತ್ರಿಯೊಬ್ಬರು ಹೇಳಿಕೊಟ್ಟ ಲೆಕ್ಕ ನನಗೆ ಇವತ್ತಿಗೂ ಇಷ್ಟ: "ಕೂಡಿದ್ರೆ ಐದಾಗ್ಬೇಕು." ಸಿಲಿಂಡರ್‌ಗಳು ಉರಿಯುವ ಸರದಿ, ಅಂದರೆ ಫೈರಿಂಗ್ ಆರ್ಡರ್, 1-3-4-2. ನಾಲ್ಕನೇ ಸಿಲಿಂಡರ್‌ನ ಒಂದು ವಾಲ್ವ್ ಮುಚ್ಚುತ್ತಾ ಇನ್ನೊಂದು ತೆರೆಯುವ ಗಳಿಗೆಯಲ್ಲಿ ಒಂದನೆಯದರ ಎರಡೂ ಟ್ಯಾಪೆಟ್ ಹೊಂದಿಸಬೇಕು. ಮೂರನೆಯದರ ವಾಲ್ವ್‌ಗಳು ಹಾಗೆ ಆಡುವಾಗ ಎರಡನೆಯದು. ಹೀಗೇ ಹಿಂದುಮುಂದು.

ಇಂಜೆಕ್ಟರ್‌ಗಳಿಗೆ ಹೊಸ ತಾಮ್ರದ ವಾಷರ್ ಹಾಕಿದೆ. ಇಷ್ಟು ಬಿಚ್ಚಿದ ಮೇಲೆ ಅವನ್ನೂ ಒಂದು ಸಲ ಮೈಕೋ ಪಂಪ್ ಶಾಪಿನಲ್ಲಿ ಪರೀಕ್ಷೆ ಮಾಡಿಸೋದು ಒಳ್ಳೇದು. ಬೆಂಗಳೂರಿನ ಮೈಕೋ ಕಂಪನಿ 2008ರಲ್ಲೇ ಬಾಷ್ ಅಂತ ಹೆಸರು ಬದಲಾಯಿಸಿಕೊಂಡರೂ ನಮ್ಮ ಕಡೆ ಅದು ಇನ್ನೂ ಮೈಕೋ ಪಂಪೇ. ಕೊನೆಗೆ ಏರ್ ತೆಗೆಯೋದು. ಫಿಲ್ಟರ್ ಮೇಲಿನ ಸ್ಕ್ರೂ ಸಡಿಲಿಸಿ ಗುಳ್ಳೆ ನಿಲ್ಲೋ ತನಕ ಕೈಪಂಪ್ ಒತ್ತಿದೆ. ಆಮೇಲೆ ಇಂಜೆಕ್ಟರ್ ಪೈಪಿನ ನಟ್ ಒಂದು ಸುತ್ತು ಸಡಿಲ ಬಿಟ್ಟು ಸೆಲ್ಫ್ ಹೊಡೆಸಿದೆ. ಡೀಸೆಲ್ ಚಿಮ್ಮಿದ ಮೇಲೆ ಬಿಗಿದದ್ದು. ಆ ಚಿಮ್ಮೋ ಡೀಸೆಲ್‌ಗೆ ಬೆರಳು ಒಡ್ಡಬೇಡಿ, ಚರ್ಮದೊಳಗೆ ನುಗ್ಗುತ್ತೆ.

ಇಷ್ಟಾದರೂ ನನ್ನ ತಲೆ ತಿನ್ನುತ್ತಿದ್ದದ್ದು ಬೇರೆ. ಘಾಟಿಯಲ್ಲಿ ಕಾದದ್ದು ಯಾಕೆ? ಗ್ಯಾಸ್ಕೆಟ್ ಹೋದದ್ದು ಕಾದದ್ದರಿಂದ. ಕಾಯೋದಕ್ಕೆ ಕಾರಣ ಇನ್ನೂ ಗಾಡಿಯಲ್ಲೇ ಕೂತಿತ್ತು. ರೇಡಿಯೇಟರ್ ಇಳಿಸಿದೆ. ಮುಂದಿನ ಜಾಲರಿಯಲ್ಲಿ ಕೆಸರು, ಹುಲ್ಲಿನ ಬೀಜ ತುಂಬಿ ಗೋಡೆ ಕಟ್ಟಿದ ಹಾಗಿತ್ತು. ಒಳಗೆ ತುಕ್ಕು. ವರ್ಷಗಟ್ಟಲೆ ಬರೀ ಬಾವಿ ನೀರು ಹಾಕಿದ್ದರ ಫಲ. ಮೇಲಿನ ಟ್ಯಾಂಕ್ ಬಿಚ್ಚಿಸಿ ಒಂದೊಂದು ಕೊಳವೆಗೂ ಪಟ್ಟಿ ಹಾಕಿಸಿ ತೆಗೆಸಿದರೆ ಬಕೆಟ್ ತಳದಲ್ಲಿ ಮೂರು ಹಿಡಿ ಕೆಂಪು ಮಣ್ಣು. ಕ್ಯಾಪಿನ ರಬ್ಬರ್ ಹರಿದಿತ್ತು. ನಾನು ಅದನ್ನು ಬರೀ ಮುಚ್ಚಳ ಅಂದುಕೊಂಡಿದ್ದೆ. ನಮ್ಮ ಎತ್ತರದಲ್ಲಿ ನೀರು ಸುಮಾರು 97 ಡಿಗ್ರಿಗೇ ಕುದಿಯುತ್ತದೆ. ಕ್ಯಾಪ್ ಹಿಡಿದಿಡುವ ಒಂದೊಂದು ಪೌಂಡ್ ಒತ್ತಡಕ್ಕೂ ಕುದಿಯೋದು ಸುಮಾರು ಒಂದೂವರೆ ಡಿಗ್ರಿ ಮುಂದಕ್ಕೆ ಹೋಗುತ್ತೆ. ಹರಿದ ಕ್ಯಾಪು ಎಂದರೆ ಆ ಮುಂದಕ್ಕೆ ಹೋಗೋದು ಇಲ್ಲ.

ನೀರು ಬಿಸಿಯಾದ ಮೇಲೆ ಮಾತ್ರ ರೇಡಿಯೇಟರ್ ಕಡೆಗೆ ದಾರಿ ಬಿಡುವ ಥರ್ಮೋಸ್ಟಾಟನ್ನು ಹಿಂದೆ ಯಾರೋ ಕಿತ್ತು ಎಸೆದಿದ್ದರು. 'ಅದು ಬೇಡ, ತೆಗೀರಿ' ಅನ್ನೋದು ನಮ್ಮ ಕಡೆ ರೂಢಿ. ಹೊಸದು ತಂದೆ. ಅದರ ಮೇಲೆ 82 ಅಂತ ಕೊರೆದಿತ್ತು, ಅಂದರೆ ಅಷ್ಟು ಡಿಗ್ರಿಗೆ ಬಾಯಿ ಬಿಡಬೇಕು. ಹಾಕುವ ಮೊದಲು ಹಾಲು ಕಾಯಿಸುವ ಪಾತ್ರೆಯಲ್ಲಿ ನೀರಿಟ್ಟು ಅದನ್ನು ದಾರದಲ್ಲಿ ಇಳಿಬಿಟ್ಟು ನೋಡಿದೆ. ಸರಿಯಾಗಿ ಬಾಯಿ ಬಿಟ್ಟಿತು. ಆ ಪಾತ್ರೆಯನ್ನು ನನ್ನ ಹೆಂಡತಿ ಈಗ ನಾಯಿಗೆ ಅನ್ನ ಹಾಕಲು ಇಟ್ಟಿದ್ದಾಳೆ. ನೀರಿನ ಬದಲು ಕೂಲೆಂಟ್, ಡಿಸ್ಟಿಲ್ಡ್ ವಾಟರ್ ಅರ್ಧರ್ಧ.

ಐನೂರು ಕಿಲೋಮೀಟರ್ ಓಡಿದ ಮೇಲೆ ರಾಕರ್ ಕವರ್ ಮತ್ತೆ ತೆಗೆದೆ. ಈಗಿನ ಎಷ್ಟೋ ಎಂಜಿನ್‌ಗಳಿಗೆ ಎರಡನೇ ಬಿಗಿ ಬೇಡ. ಇದಕ್ಕೆ ಬೇಕು. ಒಂದೊಂದೇ ಬೋಲ್ಟನ್ನು ಕಾಲು ಸುತ್ತು ಸಡಿಲಿಸಿ ಮತ್ತೆ ಅದೇ ಟಾರ್ಕ್‌ಗೆ ತಂದೆ. ನಡುವಿನ ನಾಲ್ಕು ಸ್ವಲ್ಪ ಜಾಸ್ತಿ ತಿರುಗಿದವು. ಗ್ಯಾಸ್ಕೆಟ್ ಅದುಮಿಕೊಂಡಿತ್ತು. ಹೆಡ್ ಕೂದಲೆಳೆ ಕೆಳಗಿಳಿದಿದ್ದರಿಂದ ಟ್ಯಾಪೆಟ್ ಸಂದು ಬದಲಾಗಿತ್ತು, ಅದನ್ನೂ ಹೊಂದಿಸಿದೆ.

ಹೋದ ಮಳೆಗಾಲದಲ್ಲಿ ಮತ್ತೆ ಉಜಿರೆಯಿಂದ ಸಸಿ ತಂದೆವು. ಅದೇ ಘಾಟಿ, ಅದೇ ಲೋಡು. ಮುಳ್ಳು ನಡುವಿಗಿಂತ ಮೇಲೆ ಹೋಗಲಿಲ್ಲ. ಕೊಟ್ಟಿಗೆಹಾರದಲ್ಲಿ ನಿಲ್ಲಿಸಿ, ಬಾನೆಟ್ ಎತ್ತಿ ಮೇಲಿನ ಹೋಸನ್ನು ಬಟ್ಟೆಯಲ್ಲಿ ಹಿಡಿದು ಅದುಮಿದೆ. ಬಿಸಿ ಇತ್ತು, ಆದರೆ ಕಲ್ಲಿನಂತೆ ಬಿಗಿದಿರಲಿಲ್ಲ. ಒಳಗೆ ಹೋಗುವಷ್ಟರಲ್ಲಿ ಭಾವ ಎರಡನೇ ಪ್ಲೇಟು ನೀರು ದೋಸೆಗೆ ಹೇಳಿಯಾಗಿತ್ತು.