ಹದಿನಾರು ಕೆರೆಯ ಹೆಬ್ಬಾತುಗಳ ಮುಂದೆ ಸುಮ್ನೆ ಕೂತು ಕಲಿತದ್ದು

ರಂಗನತಿಟ್ಟಿನಲ್ಲಿ ದೋಣಿ ಹತ್ತಿದರೆ ಸಾಕು, ಬಣ್ಣದ ಕೊಕ್ಕರೆ, ಹೆಜ್ಜಾರ್ಲೆ, ಹಾವಕ್ಕಿ ಎಲ್ಲ ಹತ್ತಿರದಲ್ಲೇ ಸಿಗುತ್ತವೆ. ಅಲ್ಲಿನ ಹಕ್ಕಿಗಳಿಗೆ ದೋಣಿ ಅಷ್ಟು ರೂಢಿಯಾಗಿದೆ. ನಾನು ಹಕ್ಕಿ ನೋಡಲು ಶುರು ಮಾಡಿದ್ದೂ ಅಲ್ಲೇ. ಹಾಗಾಗಿ ಎಲ್ಲ ಕಡೆಯೂ ಹೀಗೇ ಅಂದುಕೊಂಡಿದ್ದೆ.

ಆಮೇಲೆ ಒಂದು ಜನವರಿಯಲ್ಲಿ ನಂಜನಗೂಡು ತಾಲ್ಲೂಕಿನ ಹದಿನಾರು ಕೆರೆಗೆ ಹೋದೆ. ಚಳಿಗಾಲದಲ್ಲಿ ಅಲ್ಲಿಗೆ ಪಟ್ಟೆತಲೆ ಹೆಬ್ಬಾತುಗಳು ಬರುತ್ತವೆ, ಬಿಳಿ ತಲೆ, ಅದರ ಹಿಂದೆ ಎರಡು ಕಪ್ಪು ಪಟ್ಟೆ, ಮಂಗೋಲಿಯಾ, ಟಿಬೆಟ್ ಕಡೆ ಮರಿ ಮಾಡಿ ಹಿಮಾಲಯ ದಾಟಿ ದಕ್ಷಿಣಕ್ಕೆ ಬರುವ ಹಕ್ಕಿ. ಮೈಸೂರಿಂದ ತಿಂಡಿ ಮುಗಿಸಿ ನಿಧಾನವಾಗಿ ಹೊರಟೆ. ತಲುಪುವಾಗ ಹತ್ತು ಗಂಟೆ. ಬಿಸಿಲು ಕಣ್ಣಿಗೆ ಹೊಡೆಯುತ್ತಿತ್ತು. ಹತ್ತಿರ ಹೋಗೋಣ ಅಂತ ನೀರಿನ ಅಂಚಲ್ಲಿ ನಡೆದೆ. ಮೊದಲು ಒಂದೆರಡು ಕತ್ತೆತ್ತಿದವು, ಆಮೇಲೆ ಗುಂಪಿಗೆ ಗುಂಪೇ ಕತ್ತೆತ್ತಿತು, ಒಂದು ಕೂಗಿತು, ಅಷ್ಟೇ, ಎಲ್ಲ ಹಾರಿಹೋದವು.

ಏರಿ ಮೇಲೆ ಎಮ್ಮೆ ಹೊಡೆದುಕೊಂಡು ಬರುತ್ತಿದ್ದ ಅಜ್ಜ ಒಬ್ಬರು, "ರಾತ್ರಿಯೆಲ್ಲ ನಮ್ ಗದ್ದೇಲಿ ಮೇಯ್ತವೆ ಸ್ವಾಮಿ. ಈಗ ಅವಕ್ಕೆ ನಿದ್ದೆ ಹೊತ್ತು. ಯಾಕ್ ಎಬ್ಬಿಸ್ತೀರಿ?" ಅಂದರು. ಆ ಮಾತು ಇವತ್ತಿಗೂ ನನ್ನ ಜೊತೆ ಇದೆ. ಅಷ್ಟು ದೂರ ಹಾರಿ ಬಂದ ಹಕ್ಕಿಯ ನಿದ್ದೆ ಕೆಡಿಸಿದ್ದೆ ನಾನು.

ಈಗ ಹೋಗುವ ರೀತಿಯೇ ಬೇರೆ. ಕತ್ತಲಿರುವಾಗಲೇ ತಲುಪುತ್ತೇನೆ, ಸೂರ್ಯ ಬೆನ್ನಿಗೆ ಬರುವ ಕಡೆ ಏರಿ ಮೇಲೆ ಒಂದು ಪೊದೆ ಪಕ್ಕ ಕೂರುತ್ತೇನೆ, ಬಟ್ಟೆ ಮಣ್ಣಿನ ಬಣ್ಣದ್ದು, ಬೈನಾಕ್ಯುಲರ್ ಎಂಟು ಪಟ್ಟು ದೊಡ್ಡದಾಗಿ ತೋರಿಸುವಂಥದ್ದು. ಹತ್ತು ಪಟ್ಟಿನದು ತಗೊಂಡರೆ ಜಾಸ್ತಿ ಕಾಣುತ್ತೆ ಅಂತಾರೆ, ಆದರೆ ಕೈ ನಡುಗಿದರೆ ಚಿತ್ರವೂ ನಡುಗುತ್ತದೆ, ಸ್ಟ್ಯಾಂಡ್ ಇಲ್ಲದವರಿಗೆ ಎಂಟೇ ಸಾಕು ಅನ್ನುವುದು ನನ್ನ ಅಭಿಪ್ರಾಯ. ಬೆಳಕು ಹರಿಯುವಾಗ ಗದ್ದೆ ಕಡೆಯಿಂದ ಮೊದಲು ಕೂಗು ಕೇಳುತ್ತದೆ, ಆಮೇಲೆ ಸಾಲು ಕಾಣುತ್ತದೆ. ಅವೇ ನನ್ನ ಕಡೆ ಬರುತ್ತವೆ!

ಎದ್ದು ಜಾಗ ಬದಲಿಸಲೇಬೇಕಾದರೆ ಅವುಗಳ ಕತ್ತಿನ ಮೇಲೆ ಕಣ್ಣಿಡುತ್ತೇನೆ. ಒಂದೇ ಒಂದು ಕತ್ತು ಮೇಲೆದ್ದರೂ ಅಲ್ಲೇ ಕೂತುಬಿಡುತ್ತೇನೆ. ಎಮ್ಮೆಗಳು ಪಕ್ಕದಲ್ಲೇ ಓಡಾಡಿದರೂ ಅವಕ್ಕೆ ಚಿಂತೆಯಿಲ್ಲ, ಮನುಷ್ಯ ನೇರ ನಡೆದು ಬಂದರೆ ಮಾತ್ರ ಸಹಿಸುವುದಿಲ್ಲ.

ಎಣಿಸುವುದು ಇನ್ನೊಂದು ಕಷ್ಟ. ಒಂದೊಂದಾಗಿ ಎಣಿಸಿದರೆ ಮುಗಿಯುವುದಿಲ್ಲ. ಮೊದಲು ಹತ್ತು ಎಣಿಸಿ, ಆ ಹತ್ತು ಎಷ್ಟು ಜಾಗ ಹಿಡಿದಿವೆ ಅಂತ ಮನಸ್ಸಲ್ಲಿಟ್ಟುಕೊಂಡು, ಅದೇ ಅಳತೆಯಲ್ಲಿ ಗುಂಪನ್ನು ದಾಟುತ್ತಾ ಹೋಗುತ್ತೇನೆ. ಎರಡು ಸಲ ಎಣಿಸುತ್ತೇನೆ, ಎರಡನ್ನೂ ಪುಸ್ತಕದಲ್ಲಿ ಬರೆಯುತ್ತೇನೆ, ಮನೆಗೆ ಬಂದು ಹಕ್ಕಿಗಳ ಲೆಕ್ಕ ದಾಖಲಿಸುವ ಇ-ಬರ್ಡ್ ಜಾಲತಾಣಕ್ಕೆ ಹಾಕುತ್ತೇನೆ. ಕಳೆದ ಸಲ 280ಕ್ಕೆ ಬಂದಿದ್ದೆ, ಅಷ್ಟರಲ್ಲಿ ಗದ್ದೆ ಕಡೆಯಿಂದ ಇನ್ನೊಂದು ಸಾಲು ಇಳಿಯಿತು. ಪುಟ ತಿರುಗಿಸಿ ಮತ್ತೆ ಹತ್ತರಿಂದ ಶುರು ಮಾಡಿದೆ.