ಪ್ರೋಟೀನ್ ವಿಡಿಯೊದಲ್ಲಿ ಕ್ಯಾಮೆರಾ ಹಿಡಿತ

ತುಮಕೂರಿನಲ್ಲಿ ಎಂಎಸ್ಸಿ ಮಕ್ಕಳಿಗೆ ವಿಎಂಡಿ (ಅಣುಗಳನ್ನೂ ಅವುಗಳ ಚಲನೆಯನ್ನೂ ಪರದೆಯ ಮೇಲೆ ತೋರಿಸುವ ತಂತ್ರಾಂಶ) ತೋರಿಸುವಾಗ ಮೊದಲು ಹೇಳುವುದು ಇದನ್ನೇ: ಸುಮ್ನೆ ಮೌಸ್ ಎಳೆಯುತ್ತಾ ಸ್ಕ್ರೀನ್ ರೆಕಾರ್ಡ್ ಮಾಡಬೇಡಿ.

ಮೊದಲು ಅಣು ನಿಲ್ಲಬೇಕು. ಸಿಮ್ಯುಲೇಶನ್‌ನಲ್ಲಿ (ಅಣುಗಳ ಚಲನೆಯನ್ನು ಕಂಪ್ಯೂಟರ್ ಲೆಕ್ಕ ಹಾಕಿ ತೋರಿಸುವುದು) ಪ್ರೋಟೀನ್ ನೀರಿನಲ್ಲಿ ತೇಲುತ್ತಾ ಉರುಳುತ್ತದೆ, ಅದರ ಮೇಲೆ ಕ್ಯಾಮೆರಾನೂ ತಿರುಗಿದರೆ ಯಾವ ಚಲನೆ ಯಾರದು ಅಂತ ಗೊತ್ತಾಗುವುದಿಲ್ಲ, ಅಲ್ವಾ? ವಿಎಂಡಿಯಲ್ಲೇ ಇರುವ ಆರ್‌ಎಂಎಸ್‌ಡಿ ಟ್ರಾಜೆಕ್ಟರಿ ಟೂಲ್‌ನಲ್ಲಿ ಪ್ರೋಟೀನ್ ಸರಪಳಿಯ ಬೆನ್ನೆಲುಬಿನ (ಬ್ಯಾಕ್‌ಬೋನ್) ಪರಮಾಣುಗಳನ್ನು ಆರಿಸಿ, ಎಲ್ಲ ಫ್ರೇಮ್‌ಗಳನ್ನೂ ಮೊದಲನೆಯದಕ್ಕೆ ಅಲೈನ್ ಮಾಡಿ, ಅಂದರೆ ಅದರ ಮೇಲೆ ಸರಿಯಾಗಿ ಕೂರುವಂತೆ ಹೊಂದಿಸಿ. ನಡುಕ ಜಾಸ್ತಿ ಇದ್ದರೆ ಸ್ಮೂದಿಂಗ್ (ಅಕ್ಕಪಕ್ಕದ ಫ್ರೇಮುಗಳ ಸರಾಸರಿ) 3 ಇಡಿ.

ಆಮೇಲೆ ಕ್ಯಾಮೆರಾ. ಆದೇಶ ಟೈಪ್ ಮಾಡುವ ಟಿಕೆ ಕನ್ಸೋಲ್‌ನಲ್ಲಿ ಲೂಪ್ ಬರೆದು ಪ್ರತಿ ಫ್ರೇಮಿಗೆ ‘ರೊಟೇಟ್ ವೈ ಬೈ 1’ (ವೈ ಅಕ್ಷದ ಸುತ್ತ 1 ಡಿಗ್ರಿ) ಕೊಡಿ. 360 ಫ್ರೇಮಿಗೆ ಒಂದು ಸುತ್ತು, ಸೆಕೆಂಡಿಗೆ 30 ಫ್ರೇಮ್ ಆದರೆ 12 ಸೆಕೆಂಡ್. ಶುರುವಿನಲ್ಲಿ ಕೋನ 0.1, 0.2 ಹೀಗೆ ಮೆಲ್ಲಗೆ ಏರಲಿ, ಕೊನೆಗೆ ಹಾಗೇ ಇಳಿಯಲಿ. ದೇವರಾಯನದುರ್ಗದ ಬೆಟ್ಟದ ತಿರುವಿನಲ್ಲಿ ಒಳ್ಳೆ ಡ್ರೈವರ್ ಬಸ್ ತಿರುಗಿಸಿದ ಹಾಗೆ, ಜರ್ಕ್ ಇರಬಾರದು.

ಔಷಧದ ಅಣು ಪ್ರೋಟೀನಿನ ಕುಳಿಯೊಳಗೆ ಸೇರುವ ಹೊತ್ತಿಗೆ ತಿರುಗಿಸುವುದನ್ನು ನಿಲ್ಲಿಸಿ. ನನಗೆ ಆ ಕ್ಷಣವೇ ಇಡೀ ವಿಡಿಯೊದ ಜೀವ. ಜೂಮ್ ಸಾಕು: ಪ್ರತಿ ಫ್ರೇಮಿಗೆ ‘ಸ್ಕೇಲ್ ಬೈ 1.01’ ಕೊಟ್ಟರೆ 70 ಫ್ರೇಮಿನಲ್ಲಿ ಗಾತ್ರ ಸುಮಾರು ಎರಡರಷ್ಟಾಗುತ್ತದೆ. ಹತ್ತಿರ ಹೋದಾಗ ಮುಂಭಾಗ ಕತ್ತರಿಸಿದಂತೆ ಕಂಡರೆ ನಿಯರ್ ಕ್ಲಿಪ್ (ಇದಕ್ಕಿಂತ ಹತ್ತಿರ ಇರುವುದನ್ನು ತೋರಿಸದ ಮಿತಿ) ಕಡಿಮೆ ಮಾಡಿ.